ಮುಂದಾಳು ಮುಬಷೀರನ ತೆಲುಗು

ಚಳ್ಳಕೆರೆ ಪೇಟೆಯಲ್ಲಿ ತಾಡಪಾಲು, ಹಗ್ಗ ಮಾರುವ ಮುಬಷೀರನಿಗೆ ತೆಲುಗು ಬರುವುದಿಲ್ಲ ಎಂಬ ಸಂಗತಿ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಮುಬಷೀರ್. ಇನ್ನೊಬ್ಬಳು ಅವನ ಹೆಂಡತಿ ಮೆಹಜಬೀನ್. ಅವಳು ಆಂಧ್ರದ ಗಡಿಯ ಮೊಳಕಾಲ್ಮೂರಿನಲ್ಲಿ ಹುಟ್ಟಿ ಬೆಳೆದವಳು. ಉರ್ದು, ಕನ್ನಡ, ತೆಲುಗು ಮೂರರಲ್ಲೂ ಜಗಳವಾಡಬಲ್ಲವಳು. ಮೊಳಕಾಲ್ಮೂರಿನ ಅಳಿಯನಿಗೆ ತೆಲುಗು ಬಾರದೆ ಇರುತ್ತದೆಯೇ ಎಂದು ಪೇಟೆಯವರು ತಾವಾಗಿಯೇ ತೀರ್ಮಾನಿಸಿದ್ದರು. ಮುಬಷೀರ್ ಆ ತೀರ್ಮಾನವನ್ನು ತಾನಾಗಿ ಹುಟ್ಟುಹಾಕಲಿಲ್ಲ. ಆದರೆ ಅದಕ್ಕೆ ನೀರು ಗೊಬ್ಬರ ಹಾಕುವುದನ್ನು ನಿಲ್ಲಿಸಲೂ ಇಲ್ಲ.

ಗಡಿ ಕಡೆಯ ರೈತರು ಅಂಗಡಿಗೆ ಬಂದರೆ ಅವನ ಬಳಿ ನಾಲ್ಕು ಮಾತು ಸಿದ್ಧವಾಗಿರುತ್ತಿದ್ದವು. ಹೌದು ಎನ್ನಲು ‘ಅವುನು’, ಚೆನ್ನಾಗಿದೆ ಎನ್ನಲು ‘ಬಾಗುಂದಿ’, ಬಾ ಎನ್ನಲು ‘ರಾ’, ಹೋಗು ಎನ್ನಲು ‘ಪೋ’. ಮಿಕ್ಕ ವ್ಯಾಪಾರವನ್ನೆಲ್ಲ ಕ್ಯಾಲ್ಕುಲೇಟರ್ ತೋರಿಸಿ ಮುಗಿಸುತ್ತಿದ್ದ. ರೈತ ಹತ್ತು ನಿಮಿಷ ತೆಲುಗಿನಲ್ಲಿ ಕಷ್ಟ ಹೇಳಿಕೊಂಡರೂ ಇವನು ಕಣ್ಣು ಅರ್ಧ ಮುಚ್ಚಿ ‘ಅವುನು, ಅವುನು’ ಎನ್ನುತ್ತಿದ್ದ. ಅಷ್ಟು ತಾಳ್ಮೆಯಿಂದ ಕೇಳುವ ಅಂಗಡಿಯವನು ಇನ್ನೊಬ್ಬನಿಲ್ಲ ಎಂದು ಅವರೂ ಹೊಗಳಿ ಹೋಗುತ್ತಿದ್ದರು. ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದ ಸುಳ್ಳನ್ನು ಬೀದಿಗೆ ಎಳೆದದ್ದು ಸೈಕಲ್ ಸವಾರಿ.

ವರ್ಷಕ್ಕೊಮ್ಮೆ, ಶೇಂಗಾ ಕಿತ್ತು ಮುಗಿದ ಮೇಲೆ ಬರುವ ಒಂದು ಭಾನುವಾರ, ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಊರವರೆಲ್ಲ ಸೇರಿ ಸೈಕಲ್ ಹೊಡೆಯುತ್ತಾರೆ. ಡಾಂಬರು ರಸ್ತೆ ತುಳಿಯುವಂತಿಲ್ಲ. ಹೊಲಗಳ ನಡುವಿನ ಬಂಡಿಜಾಡಿನಲ್ಲೇ ಹೋಗಬೇಕು. ಮಳೆ, ಉಳುಮೆಗೆ ಅದರ ಕವಲುಗಳು ಪ್ರತಿ ವರ್ಷ ಬದಲಾಗುತ್ತವೆ. ಇದರಲ್ಲಿ ಗೆದ್ದವರು, ಸೋತವರು ಎಂದಿಲ್ಲ. ಬಿದ್ದವರು ಮಾತ್ರ ಇರುತ್ತಾರೆ. ಇದನ್ನು ಶುರುಮಾಡಿದವರು ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಬೊಮ್ಮಲಿಂಗಪ್ಪ. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಅವರ ಮನೆಯವರೂ ನೋಡಿಲ್ಲ.

ಹೋದ ವರ್ಷ ಸವಾರಿಯಲ್ಲಿ ಒಂದು ಅನಾಹುತವಾಗಿತ್ತು. ಮುಂದಿದ್ದ ಪಕ್ಕದೂರು ನನ್ನಿವಾಳದ ಹುಡುಗರು ಹ್ಯಾಂಡಲ್ಲಿಗೆ ಮೊಬೈಲ್ ಕಟ್ಟಿಕೊಂಡು ಅದು ಹೇಳಿದ ದಾರಿಯಲ್ಲಿ ಹೋದರು. ಮೊಬೈಲಿಗೆ ಬಂಡಿಜಾಡು ಗೊತ್ತಿಲ್ಲ. ಅದು ಎಲ್ಲರನ್ನೂ ಹೆದ್ದಾರಿಗೆ ಹತ್ತಿಸಿ ನೆಟ್ಟಗೆ ಮೊಳಕಾಲ್ಮೂರಿಗೆ ತಲುಪಿಸಿತು. ನಡುವೆ ರಂಗಕ್ಕನ ಹಟ್ಟಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ಪಾಯಸ ಮಾಡಿಕೊಂಡು ಊರಿಗೆ ಊರೇ ದಾರಿ ಕಾಯುತ್ತಿತ್ತು. ಸಂಜೆಯಾದ ಮೇಲೆ ಮುದ್ದೆಗಳನ್ನು ಎಮ್ಮೆಗಳಿಗೆ ಹಾಕಿದರಂತೆ. ಎಮ್ಮೆಗಳು ಸವಾರಿಯವರನ್ನು ನೆನೆದವೋ ಇಲ್ಲವೋ ಗೊತ್ತಿಲ್ಲ, ರಂಗಕ್ಕ ಮಾತ್ರ ಮರೆಯಲಿಲ್ಲ. ಈ ವರ್ಷದ ತಯಾರಿ ಶುರುವಾಗುತ್ತಿದ್ದಂತೆ ಅವಳೇ ಬಸ್ಸು ಹತ್ತಿ ಬಂದು ಬೊಮ್ಮಲಿಂಗಪ್ಪನವರ ಅಂಗಳದಲ್ಲಿ ನಿಂತಳು.

“ಆ ಬಂಡಿಜಾಡು ನಮ್ಮ ಹೊಲದ ನಡುವೆ ಐತೆ ಮೇಷ್ಟ್ರೇ. ಈ ಸಲಾನೂ ಎಲೆ ಹಾಕಿ ಕಾಯ್ತೀವಿ. ಬರ್ಲಿಲ್ಲ ಅಂದ್ರೆ ಅದನ್ನ ಉತ್ತು ಈರುಳ್ಳಿ ಹಾಕ್ತೀನಿ. ಆಮೇಲೆ ನೀವು ಗಾಳಿಯಾಗೆ ಸೈಕಲ್ ಹೊಡ್ಕಂಡು ಹೋಗ್ರಿ.”

ರಂಗಕ್ಕ ಬಾಯಿಮಾತಿಗೆ ಹೇಳುವವಳಲ್ಲ. ಆ ಜಾಡಿನ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸರ್ಕಾರಿ ಕಾವಲಿನ ಬೇಲಿ. ಅದು ಹೋದರೆ ಬೇರೆ ದಾರಿಯಿಲ್ಲ, ಸವಾರಿಯೇ ನಿಂತುಹೋಗುತ್ತದೆ. ಬೊಮ್ಮಲಿಂಗಪ್ಪನವರು ಅನ್ನ ಬಿಟ್ಟಾರು, ಸವಾರಿ ಬಿಡುವವರಲ್ಲ. ಅವರು ಟೀ ಅಂಗಡಿಯಲ್ಲಿ ಸಭೆ ಸೇರಿಸಿ, ಈ ಸಲ ಯಾರೂ ಮೊಬೈಲ್ ತೆಗೆಯುವಂತಿಲ್ಲ, ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡೇ ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದರು. ಆ ಕಡೆ ಸಿಗುವವರು ಹೆಚ್ಚಾಗಿ ತೆಲುಗು ಆಡುತ್ತಾರೆ. ಆದ್ದರಿಂದ ಮುಂದಾಳು ತೆಲುಗು ಬಲ್ಲವನಾಗಿರಬೇಕು. ಸಭೆಯ ಕಣ್ಣುಗಳೆಲ್ಲ ಬನ್ನು ತಿನ್ನುತ್ತಿದ್ದ ಮುಬಷೀರನ ಮೇಲೆ ನಿಂತವು.

ಸತ್ಯ ಹೇಳಲು ದೇವರು ಮನುಷ್ಯನಿಗೆ ಕೆಲವು ಸುಲಭದ ಗಳಿಗೆಗಳನ್ನು ಕೊಡುತ್ತಾನೆ. ಇದು ಅಂಥದೊಂದು. ಮುಬಷೀರ್ ಬಾಯಿ ತೆರೆದ. ಹೊರಗೆ ಬಂದದ್ದು ‘ಅವುನು’. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆನ್ನಿನ ಮೇಲೆ ‘ಮುಂದಾಳು’ ಎಂದು ಅಚ್ಚಾದ ಹಸಿರು ಬನಿಯನ್ ಮನೆಗೆ ಬಂದಾಗ ಅವನ ತಾಯಿ ಸುಗ್ರಾ ಬೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮದುವೆ ಮನೆಯಲ್ಲಿ ತನ್ನ ಚಪ್ಪಲಿ ಹುಡುಕಲಾರದೆ ಪ್ರತಿ ಸಲ ಬೇರೆಯವರದು ಮೆಟ್ಟಿಕೊಂಡು ಬರುವ ಮಗನಿಗೆ ಊರಿಗೆ ದಾರಿ ತೋರಿಸುವ ಕೆಲಸ ಕೊಟ್ಟವರು ಯಾರು ಎಂದು ಕೇಳಿದಳು. ಮೆಹಜಬೀನ್ ನಗಲಿಲ್ಲ. ಬೇಕಾದರೆ ದಿನಕ್ಕೆ ನಾಲ್ಕು ಮಾತು ಕಲಿಸುತ್ತೇನೆ ಎಂದಳು. ಅವನು ಬೇಡವೆಂದ. ತಾನೂ ಸವಾರಿಗೆ ಬರುತ್ತೇನೆ, ಪಕ್ಕದಲ್ಲೇ ಇರುತ್ತೇನೆ ಎಂದಳು. ಬರಲಿ, ಆದರೆ ಸಾಲಿನ ಕೊನೆಯಲ್ಲಿ ಇರಲಿ, ಮುಂದಾಳಿನ ಪಕ್ಕ ಹೆಂಡತಿ ನಿಂತು ಪಿಸುಗುಟ್ಟಿದರೆ ಜನ ಏನಂದಾರು ಎಂದ. ಕೊನೆಗೆ ಒಂದೇ ಒಂದು ವಾಕ್ಯ ಹೇಳಿಸಿಕೊಂಡ. ‘ರಂಗಕ್ಕ ಹಟ್ಟಿಕಿ ದಾರಿ ಎಟ್ಲಾ?’ ಹಟ್ಟಿಗೆ ದಾರಿ ಹೇಗೆ ಎಂಬುದಕ್ಕೆ ತೆಲುಗು ಅದು. ಅದನ್ನು ಅಂಗಡಿಯಲ್ಲಿ, ಬಚ್ಚಲಲ್ಲಿ, ಹಗ್ಗ ಅಳೆಯುವಾಗ ಗಟ್ಟಿಮಾಡಿದ. ಪ್ರಶ್ನೆ ಕೇಳುವುದು ಚೆನ್ನಾಗಿ ಬಂತು. ಕೇಳಿದರೆ ಉತ್ತರವೂ ಬರುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಸವಾರಿಯ ದಿನ ಬೆಳಗ್ಗೆ ಮುಬಷೀರ್ ಟೈರಿಗೆ ಗಾಳಿ ಹಾಕಿದ, ಹೆಚ್ಚಾಯಿತೆಂದು ಬಿಟ್ಟ, ಕಡಿಮೆಯಾಯಿತೆಂದು ಮತ್ತೆ ಹಾಕಿದ. ಸೀಟು ಏರಿಸಿದ, ಇಳಿಸಿದ. ಯಾರೂ ಅಡ್ಡ ಬಾರದಿದ್ದರೂ ಬೆಲ್ ಬಾರಿಸುತ್ತಲೇ ಇದ್ದ. ಬೊಮ್ಮಲಿಂಗಪ್ಪನವರು ಸೀಟಿ ಊದಿದರು. ವಕೀಲರು, ಎಣ್ಣೆ ಮಿಲ್ಲಿನವರು, ಟೀಚರಮ್ಮಂದಿರು, ಈರುಳ್ಳಿ ಮಂಡಿಯ ಪೆದ್ದಣ್ಣ, ಎಲ್ಲರ ಹಿಂದೆ ಮಗಳ ಸೈಕಲ್ ತಂದಿದ್ದ ಮೆಹಜಬೀನ್, ಹೀಗೆ ಉದ್ದದ ಸಾಲು ಹೊಲಕ್ಕೆ ಇಳಿಯಿತು. ತೊಗರಿ ಹೂ ಬಿಟ್ಟಿತ್ತು. ಕಿತ್ತ ಶೇಂಗಾದ ಬಣವೆಗಳು ಅಲ್ಲಲ್ಲಿ ಎದ್ದಿದ್ದವು. ಬೆಳಗಿನ ಬಿಸಿಲು ಕೆಂಪು ಮಣ್ಣಿನ ಮೇಲೆ ಬಿದ್ದು ಎಲ್ಲರಿಗೂ ಖುಷಿಯಾಯಿತು. ವಕೀಲರು ಹತ್ತು ಮಾರಿಗೊಮ್ಮೆ ನಿಂತು ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಮುಂದಾಳಿಗೆ ಮಾತ್ರ ಏನೂ ಕಾಣಲಿಲ್ಲ. ಅವನು ದಾರಿಯಲ್ಲಿ ಯಾರೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತ ತುಳಿಯುತ್ತಿದ್ದ.

ಬಿಸಿಲೇರಿದ ಮೇಲೆ ಜಾಡು ಕವಲಾಯಿತು. ಕವಲಿನ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ದಣಿವಾರಿಸಿಕೊಳ್ಳುತ್ತಿದ್ದಳು. ಅವಳು ಯರ್ರಮ್ಮ, ರಂಗಕ್ಕನ ಅತ್ತೆ. ಕುರಿ ಕಾಯುವವರಿಗೆ ಮಜ್ಜಿಗೆ ಒಯ್ಯುತ್ತಿದ್ದಳು. ಇದು ಸಾಲಿನವರಿಗೆ ಯಾರಿಗೂ ಗೊತ್ತಿರಲಿಲ್ಲ. ಬೊಮ್ಮಲಿಂಗಪ್ಪನವರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಮುಬಷೀರ್ ಬನಿಯನ್ ಎಳೆದು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ತನ್ನ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.

ಯರ್ರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕುಡಿ ಪಕ್ಕ ಪೋಂಡಿ” ಎಂದಳು.

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಬಲಗಡೆಗೆ ಹೋಗಿ ಎಂದು ಆಕೆ ಹೇಳಿದ್ದು. ಮೊಳಕಾಲ್ಮೂರಿನ ಕಡೆಯ ಮಗುವಿಗೂ ತಿಳಿಯುವ ಮಾತು. ಆದರೆ ಮುಬಷೀರನ ನಾಲ್ಕು ಮಾತಿನ ಭಂಡಾರದಲ್ಲಿ ಬಲ ಇರಲಿಲ್ಲ, ಎಡವೂ ಇರಲಿಲ್ಲ. ಅವನು ಸಾಲಿನ ಕಡೆ ಹತ್ತು ಹೆಜ್ಜೆ ಓಡಿ, ಮುಖ ಅರಳಿಸಿಕೊಂಡು, ಅಜ್ಜಿ ಮಜ್ಜಿಗೆ ಕುಡಿದು ಹೋಗಿ ಅಂತಿದ್ದಾರೆ ಎಂದು ಭಾಷಾಂತರ ಮಾಡಿದ.

ಮೊದಲ ಲೋಟ ವಕೀಲರದು. ಯರ್ರಮ್ಮ ಇದೇನೆಂದು ಎದ್ದು ನಿಂತಳು. ಇವರಿಗೆ ದಾರಿ ತಿಳಿಯಲಿಲ್ಲವೆಂದುಕೊಂಡು ಬಲಗೈ ಚಾಚಿ, “ಕುಡಿ, ಕುಡಿ” ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು. ಎಂಥ ಉದಾರ ಜೀವ, ಎಷ್ಟು ಬಲವಂತ ಮಾಡುತ್ತಿದ್ದಾರೆ ನೋಡಿ ಎಂದು ಮುಬಷೀರ್ ಹಿಂದಿನವರಿಗೆ ಪಿಸುಗುಟ್ಟಿದ. ಸಂಕೋಚಪಡುತ್ತಿದ್ದ ಟೀಚರಮ್ಮಂದಿರೂ ಬಾಟಲಿ ಹಿಡಿದು ಮುಂದೆ ಬಂದರು. ಆಕೆ ಕೂಗಿದಷ್ಟೂ ಜನ ಕುಡಿದರು. ಜನ ಕುಡಿದಷ್ಟೂ ಆಕೆ ಕೂಗಿದಳು. ಕೊತ್ತಂಬರಿ, ಹಸಿಶುಂಠಿ ಹಾಕಿದ ಮಜ್ಜಿಗೆ, ಬಿಸಿಲು ಬೇರೆ. ಪೆದ್ದಣ್ಣ ಗಡಿಗೆಯನ್ನು ಬಗ್ಗಿಸಿ ತಳ ಕಾಣಿಸಿ ಕೆಳಗಿಟ್ಟ.

ಮುದುಕಿಗೆ ಈಗ ಬೇರೆ ಭಯ ಹುಟ್ಟಿತು. ಇಷ್ಟು ದಡ್ಡರು ಎಡಗಡೆಗೆ ಹೋಗಿಬಿಟ್ಟರೆ ಏನು ಗತಿ ಎಂದು, “ಎಡಮ ಪಕ್ಕ ಪೋವದ್ದು” ಎಂದು ಎಚ್ಚರಿಸಿದಳು. ಎಡಕ್ಕೆ ಹೋಗಬೇಡಿ ಎಂದರ್ಥ. ಮುಬಷೀರನಿಗೆ ಇದರಲ್ಲಿ ಎಡ ಎನ್ನುವುದು ಕೇಳಿಸಿತು, ತನಗೆ ಗೊತ್ತಿದ್ದ ‘ಪೋ’ ಕೇಳಿಸಿತು, ಕೊನೆಯಲ್ಲಿ ಒದ್ದು ಎಂಬಂತೆಯೂ ಕೇಳಿಸಿತು. ಎಡಕ್ಕೆ ಹೋಗಬೇಕಂತೆ, ಏರು ಇದೆಯಂತೆ, ಪೆಡಲ್ ಚೆನ್ನಾಗಿ ಒದ್ದು ತುಳಿಯಬೇಕಂತೆ ಎಂದು ಸಾಲಿನ ಹತ್ತಿರ ಹೋಗಿ ಸಾರಿದ. ಎಲ್ಲರೂ ಅಜ್ಜಿಗೆ ಕೈಮುಗಿದು, ಒದ್ದು ತುಳಿಯುತ್ತ, ಎಡಕ್ಕೆ ಹೋದರು. ಯರ್ರಮ್ಮ ಖಾಲಿ ಗಡಿಗೆ ಕಂಕುಳಲ್ಲಿ ಇರುಕಿಕೊಂಡು ಹೊಲ ಅಡ್ಡಹಾಯ್ದು ಮನೆಯ ಕಡೆ ನಡೆದಳು.

ಎಡಗಡೆಯ ದಾರಿ ಎರಡು ಬದಿಯ ಬೇಲಿಗಳ ನಡುವೆ ಸಣ್ಣದಾಗುತ್ತ ಹೋಗಿ, ವರವು ಕಾವಲಿನ ಹತ್ತಿರ ಸರ್ಕಾರಿ ಸಂಸ್ಥೆಯ ಒಂದು ದೊಡ್ಡ ಕಬ್ಬಿಣದ ಗೇಟಿಗೆ ಮುಗಿಯಿತು. ಗೇಟಿನೊಳಗಿನಿಂದ ಕಾವಲುಗಾರ ಓಡಿಬಂದ. ಸೈಕಲ್ಲಿನ ದಂಡು, ಹಸಿರು ಬನಿಯನ್, ಸೀಟಿ ನೋಡಿ ಇದು ಧರಣಿಯೇ ಸರಿ ಎಂದುಕೊಂಡ. ಇಂಚಾರ್ಜ್ ಕೌನ್ ಹೈ, ಇಲ್ಲಿ ಮುಖ್ಯಸ್ಥ ಯಾರು, ಎಂದು ಕೇಳಿದ. ಅಷ್ಟು ಹಿಂದಿ ಎಲ್ಲರಿಗೂ ತಿಳಿಯಿತು. ಎಲ್ಲರೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದು ಮುಬಷೀರನನ್ನು ಒಬ್ಬನನ್ನೇ ಉಳಿಸಿದರು.

ಬೆಳಗಿನಿಂದ ಮೊದಲ ಬಾರಿಗೆ ಮುಬಷೀರನಿಗೆ ಜೀವ ಬಂದಂತಾಯಿತು. ತನ್ನ ಮನೆಯ ಮಾತಾದ ಉರ್ದುವಿನಲ್ಲಿ ಸವಾರಿಯ ಇತಿಹಾಸವನ್ನೂ ಬೊಮ್ಮಲಿಂಗಪ್ಪನವರ ಸೇವೆಯನ್ನೂ ಹೇಳಿಮುಗಿಸಿದ. ಕಾವಲುಗಾರ ಶಾಂತನಾದ. ಮುಂದೆ ದಾರಿಯೇ ಇಲ್ಲ, ಹಿಂದಕ್ಕೆ ಹೋಗಿ ಎಂದ. ಆಮೇಲೆ ಸಹಜವಾಗಿ, ಕವಲಿನಲ್ಲಿ ಒಬ್ಬ ಅಮ್ಮ ದಿನಾ ಕೂತಿರುತ್ತಾಳೆ, ಬಂದವರಿಗೆಲ್ಲ ಬಲಕ್ಕೆ ಹೋಗಿ ಎಂದು ಹೇಳುತ್ತಾಳೆ, ನಿಮಗೆ ಆಕೆ ಸಿಗಲಿಲ್ಲವೇ ಎಂದು ಕೇಳಿದ. ಮುಬಷೀರ್ ಬೆಲ್ ಬಾರಿಸಿದ.

ಅಷ್ಟರಲ್ಲಿ ಸಾಲು ಯಾಕೆ ನಿಂತಿತೆಂದು ಮೆಹಜಬೀನ್ ನಡೆದು ಬಂದಳು. ಅಜ್ಜಿ ಏನಂದಳೆಂದು ಗಂಡನನ್ನು ಬೇಲಿಯ ಪಕ್ಕಕ್ಕೆ ಕರೆದು ಕೇಳಿದಳು. ಅವನು ಅಕ್ಷರ ಬಿಡದೆ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುಡಿ ಎಂದರೆ ಬಲ, ಪೋವದ್ದು ಎಂದರೆ ಹೋಗಬೇಡ ಎಂದು ಮೆಲ್ಲಗೆ ತಿಳಿಸಿದಳು. ಮುಬಷೀರ್ ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದ. ಯಾರಿಗೂ ಹೇಳಬೇಡ ಎಂದು ಗೋಗರೆದ. ನಾನು ಹೇಳುವುದಿಲ್ಲ, ಹೇಳಬೇಕಾದವರು ನೀವು ಎಂದಷ್ಟೇ ಹೇಳಿ ಅವಳು ತನ್ನ ಸೈಕಲ್ಲಿಗೆ ಹಿಂತಿರುಗಿದಳು.

“ಏನಂತೋ ಅವಂದು?” ಎಂದರು ಬೊಮ್ಮಲಿಂಗಪ್ಪ.

“ಸ್ವಲ್ಪ ಹಿಂದಕ್ಕೆ ಹೋಗ್ಬೇಕಂತೆ ಮೇಷ್ಟ್ರೇ.”

“ಸ್ವಲ್ಪ ಅಂದ್ರೆ?”

“ಬಂದಷ್ಟು.”

ಬೇಲಿಗಳ ನಡುವೆ ಸಾಲು ಸುತ್ತಿ ತಿರುಗಲು ಜಾಗವಿರಲಿಲ್ಲ. ನಿಂತಲ್ಲೇ ಸೈಕಲ್ ಎತ್ತಿ ತಿರುಗಿಸಿಕೊಂಡರು. ಹೀಗಾಗಿ ಕೊನೆಯವಳಾದ ಮೆಹಜಬೀನ್ ಮೊದಲಿಗಳಾದಳು. ಮುಂದಾಳು ಎಲ್ಲರ ಹಿಂದಾದ. ಅವನ ಬೆನ್ನಿನ ಅಕ್ಷರಗಳನ್ನು ಓದಲು ಹಿಂದೆ ಯಾರೂ ಉಳಿಯಲಿಲ್ಲ. ಮುಂದಕ್ಕೆ ನುಗ್ಗಲು ಹೋದ, ಜಾಲಿ ಮುಳ್ಳು ತೋಳು ಗೀರಿತು. ಮತ್ತೆ ನುಗ್ಗಿದ, ವಕೀಲರು ಫೋಟೋ ತೆಗೆಯಲು ನಿಂತಿದ್ದರು. ಎಲೆಯ ಮುಂದೆ ಜನ ಕಾಯುತ್ತಿದ್ದಾರೆಂದು ನೆನೆದು ಮತ್ತೆ ಬೆಲ್ ಬಾರಿಸಿದ. ದಾರಿಯುದ್ದಕ್ಕೂ ಸುಳ್ಳುಗಳನ್ನು ಒಂದೊಂದಾಗಿ ತನಗೆ ತಾನೇ ಹೇಳಿ ನೋಡಿಕೊಂಡ. ಅಜ್ಜಿಗೆ ಕಿವುಡು. ಅಜ್ಜಿಯದು ಅನಂತಪುರದ ತೆಲುಗು, ತನ್ನದು ಕರ್ನೂಲಿನದು. ಗಾಳಿ ಜೋರಾಗಿತ್ತು. ಯಾವುದೂ ಅವನಿಗೇ ನಂಬಿಕೆಯಾಗಲಿಲ್ಲ.

ಅವನು ರಂಗಕ್ಕನ ಹೊಲ ಮುಟ್ಟುವಾಗ ಹೊತ್ತು ಇಳಿದಿತ್ತು. ಸವಾರಿಯವರೆಲ್ಲ ಸೈಕಲ್ ಹಿಡಿದುಕೊಂಡು ತಲೆತಗ್ಗಿಸಿ ನಿಂತಿದ್ದರು. ಆಚೆ ಚಪ್ಪರದ ಕೆಳಗೆ ಎಲೆಗಳು ಸಾಲಾಗಿ ಖಾಲಿ ಬಿದ್ದಿದ್ದವು. ಜಾಡಿಗೆ ಅಡ್ಡವಾಗಿ ಟ್ರ್ಯಾಕ್ಟರ್ ಗುರುಗುಡುತ್ತಿತ್ತು, ಅದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ರಂಗಕ್ಕ. ಜಾಡಿನ ಒಂದು ಅಂಚನ್ನು ಆಗಲೇ ಉತ್ತಾಗಿತ್ತು. ಬದುವಿನ ಮೇಲೆ ಯರ್ರಮ್ಮ ಖಾಲಿ ಗಡಿಗೆಯ ಸಮೇತ ಕೂತಿದ್ದಳು. ಅವಳನ್ನು ಕಂಡು ಮುಬಷೀರನ ಕಾಲು ಪೆಡಲಿನಿಂದ ಜಾರಿತು.

ನಡೆದದ್ದನ್ನು ಪೆದ್ದಣ್ಣ ಅವನ ಕಿವಿಯಲ್ಲಿ ಊದಿದ. ಸೊಸೆಯ ಮುಂದೆ ಅತ್ತೆ ಎಲ್ಲ ಹೇಳಿದ್ದಾಳೆ. ಹೋದ ವರ್ಷ ನಮ್ಮ ಊಟ ಬೇಡವೆಂದರು, ಈ ವರ್ಷ ನಮ್ಮ ಅತ್ತೆಯ ಮಜ್ಜಿಗೆ ಕುಡಿದು, ಬಲಕ್ಕೆ ಹೋಗಿ ಎಂದರೆ ಬೇಕಂತಲೇ ಎಡಕ್ಕೆ ಹೋಗಿ ಅಣಕಿಸಿದ್ದಾರೆ ಎಂದು ರಂಗಕ್ಕ ಉರಿಯುತ್ತಿದ್ದಾಳೆ. ಮೊದಲು ಬಂದ ಮೆಹಜಬೀನಳನ್ನು ಕೇಳಿದರೆ, ಮುಂದಾಳು ಬರುತ್ತಾರೆ, ಅವರೇ ಹೇಳುತ್ತಾರೆ ಎಂದಳಂತೆ. ಅದೊಂದು ಮಾತಿಗೆ ಟ್ರ್ಯಾಕ್ಟರ್ ನಿಂತಿದೆ.

ಮುಂದಾಳು ತೆಲುಗಿನಲ್ಲಿ ಗಟ್ಟಿಗ ಎಂದು ಬೊಮ್ಮಲಿಂಗಪ್ಪನವರು ಮೊದಲೇ ಹೇಳಿಟ್ಟಿದ್ದರು. ಹಾಗಾಗಿ ರಂಗಕ್ಕ ಸ್ಟೇರಿಂಗ್ ಹಿಡಿದುಕೊಂಡೇ ಅವನ ಮೇಲೆ ತೆಲುಗಿನಲ್ಲಿ ಹರಿಹಾಯ್ದಳು. ಅದು ಬಹಳ ಹೊತ್ತು ನಡೆಯಿತು. ಕೊನೆಗೆ ಒಂದು ಪ್ರಶ್ನೆ ಕೇಳಿ ನಿಲ್ಲಿಸಿದಳು. ಬೇಕಂತಲೇ ಮಾಡಿದಿರಾ ಎಂಬುದು ಆ ಪ್ರಶ್ನೆ. ಎಲ್ಲರೂ ಅವನ ಬಾಯಿ ನೋಡಿದರು. ಇಷ್ಟು ವರ್ಷ ಅಂಗಡಿಯ ಗಲ್ಲಾದ ಹಿಂದೆ ಕೂತು ಮಾಡಿದ ಅಭ್ಯಾಸ ಎಲ್ಲಿಗೆ ಹೋದೀತು. ಮುಬಷೀರ್ ಕಣ್ಣು ಅರ್ಧ ಮುಚ್ಚಿ, ತಾಳ್ಮೆಯಿಂದ, “ಅವುನು” ಎಂದ.

ಚಪ್ಪರದ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಮೆಹಜಬೀನ್ ಹಣೆ ಹಿಡಿದುಕೊಂಡಳು. ರಂಗಕ್ಕ ಗೇರ್ ಹಾಕಿದಳು, ನೇಗಿಲು ನೆಲಕ್ಕೆ ಇಳಿಯಿತು. ತಾನು ಯಾವುದಕ್ಕೋ ಹೌದು ಎಂದಿದ್ದೇನೆ, ಅದು ಎನ್ನಬಾರದ್ದು ಎಂದು ಆಗ ಅವನಿಗೆ ಅರಿವಾಯಿತು. ಸೈಕಲ್ ಬಿಸಾಡಿ ಓಡಿಹೋಗಿ ಟ್ರ್ಯಾಕ್ಟರಿನ ಮುಂದೆ ಕೈ ಅಗಲಿಸಿ ನಿಂತ.

“ನಂಗೆ ತೆಲುಗು ಬರಲ್ಲಕ್ಕ.”

ಎಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಿದ. ಮೂರನೆಯ ಸಲ ಕೂಗುವ ಹೊತ್ತಿಗೆ ಅವಳು ಎಂಜಿನ್ ನಿಲ್ಲಿಸಿದ್ದರಿಂದ ಆ ಮಾತು ಹೊಲ ದಾಟಿ, ಚಪ್ಪರ ದಾಟಿ, ಹಟ್ಟಿಯ ಆಚೆಯ ಗುಡ್ಡದವರೆಗೂ ಹೋಯಿತು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಕುಡಿ ಎಂದದ್ದು ಮಜ್ಜಿಗೆಗೆ ಎಂದುಕೊಂಡೆ, ಪೋವದ್ದು ಎಂದದ್ದು ಪೆಡಲ್ ಒದೆಯುವುದಕ್ಕೆ ಎಂದುಕೊಂಡೆ, ತಪ್ಪು ನನ್ನೊಬ್ಬನದು, ಜಾಡು ಉಳಬೇಡಿ ಎಂದು ಒಂದೇ ಉಸಿರಿಗೆ ಹೇಳಿದ. ಅವನ ಕಣ್ಣಲ್ಲಿ ನೀರು ಬಂತು. ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು.

ಮೊದಲು ನಕ್ಕವರು ಬಡಿಸಲು ನಿಂತಿದ್ದ ಹೆಂಗಸರು. ಆಮೇಲೆ ಪೆದ್ದಣ್ಣ. ಅವನ ನಗು ಬೊಮ್ಮಲಿಂಗಪ್ಪನವರಿಗೆ ಸಂಶಯ ತಂದಿತು. ಅವರು ಅವನ ಕಡೆ ತಿರುಗಿ, ನಿನಗೆ ತೆಲುಗು ಬರುತ್ತದಲ್ಲ, ಆಗಲೇ ಯಾಕೆ ಹೇಳಲಿಲ್ಲ ಎಂದು ಗದರಿದರು.

“ಬಾಯಾರಿತ್ತು ಮೇಷ್ಟ್ರೇ” ಎಂದ ಪೆದ್ದಣ್ಣ. “ಎಡಕ್ಕೆ ತಿರುಗ್ದಾಗ ಏನೋ ಒಳದಾರಿ ಗೊತ್ತೈತೆ ಇವನಿಗೆ ಅಂದ್ಕಂಡೆ. ಮುಂದಾಳಲ್ವಾ.”

ಸಾಲಿನಲ್ಲಿ ಇನ್ನೂ ಹಲವರು ನೆಲ ನೋಡುತ್ತಿದ್ದರು. ಅವರಿಗೂ ತೆಲುಗು ಗೊತ್ತಿತ್ತು, ಅವರಿಗೂ ಬಾಯಾರಿತ್ತು. ರಂಗಕ್ಕ ಒಬ್ಬೊಬ್ಬರನ್ನೇ ದಿಟ್ಟಿಸಿದಳು. ಗಟ್ಟಿಯಾಗಿ ಮುಖ ಬಿಗಿದಿದ್ದಳಾದರೂ ಕೆನ್ನೆ ಅದುರುತ್ತಿತ್ತು. ನೇಗಿಲು ಮೇಲೆತ್ತಿದಳು.

“ಕೈ ತೊಳ್ಕಂಡು ಕುಂತ್ಕಳ್ರಿ. ಹೋದ ವರ್ಷದ್ದೂ ಸೇರಿಸಿ ಮಾಡೀನಿ. ಒಂದು ಮುದ್ದೆ ಉಳಿದ್ರೂ ಗಾಡಿ ಮತ್ತೆ ಸ್ಟಾರ್ಟ್ ಮಾಡ್ತೀನಿ.”

ಉಂಡರು. ಉಣ್ಣಲಾರದೆ ಉಂಡರು. ವಕೀಲರು ಎರಡನೆಯ ಮುದ್ದೆಗೆ ಕಾನೂನಿನಲ್ಲಿ ವಿನಾಯಿತಿ ಇದೆಯೇ ಎಂದು ಕೇಳಿದರು, ಇರಲಿಲ್ಲ. ಮೆಹಜಬೀನ್ ಹಟ್ಟಿಯ ಹೆಂಗಸರ ಜೊತೆ ಸೌಟು ಹಿಡಿದು ತೆಲುಗಿನಲ್ಲಿ ಹರಟುತ್ತ ಬಡಿಸಿದಳು. ಗಂಡನ ಎಲೆಯ ಮುಂದೆ ಬಂದಾಗ ಮಾತ್ರ ಪಾಯಸ ಎರಡು ಸೌಟು ಹೆಚ್ಚು ಹಾಕಿದಳು. ಅವನಿಗೆ ಅವಳ ಮೇಲೆ ಎಂದಿಲ್ಲದ ಪ್ರೀತಿ ಉಕ್ಕಿತು.

ಊಟವಾದ ಮೇಲೆ ಮುಬಷೀರ್ ಯರ್ರಮ್ಮನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಭಾಷೆ ತಿಳಿಯದವರ ಜೊತೆ ಮಾತಾಡುವಾಗ ಎಲ್ಲರೂ ಮಾಡುವಂತೆ ದನಿ ಏರಿಸಿ, ಒಂದೊಂದು ಮಾತನ್ನೂ ಬಿಡಿಸಿ, ಕೈಸನ್ನೆ ಮಾಡಿದ. ಅಜ್ಜಿ, ಎಂದು ಅವಳನ್ನು ತೋರಿಸಿದ. ಮಜ್ಜಿಗೆ, ಎಂದು ಲೋಟ ಎತ್ತುವಂತೆ ಮಾಡಿದ. ನಾನು, ತಪ್ಪು, ಎಂದು ಎರಡೂ ಕಿವಿ ಹಿಡಿದುಕೊಂಡ. ಯರ್ರಮ್ಮ ಎಲೆ ಅಡಿಕೆ ಅಗಿಯುತ್ತ ಅದನ್ನೆಲ್ಲ ಕೊನೆಯವರೆಗೂ ನೋಡಿದಳು.

“ಯಾಕಪ್ಪಾ ಹಿಂಗೆ ಕೂಗ್ತೀಯ? ನಂಗೆ ಕನ್ನಡ ಬರ್ತೈತೆ. ನಾನು ಚಳ್ಳಕೆರೆಯಾಗೇ ಹುಟ್ಟಿದೋಳು.”

ಮುಬಷೀರನ ಕೈಗಳು ಕಿವಿಯ ಮೇಲೆಯೇ ಉಳಿದವು. ಹಾಗಾದರೆ ಕವಲಿನಲ್ಲಿ ತೆಲುಗಿನಲ್ಲಿ ಯಾಕೆ ಹೇಳಿದಿರಿ ಎಂದು ಕಷ್ಟಪಟ್ಟು ಕೇಳಿದ.

“ನೀನು ತೆಲುಗಿನಾಗೆ ಕೇಳ್ದಲ್ಲಪ್ಪ” ಎಂದಳು ಯರ್ರಮ್ಮ. “ಪಾಪ, ಇವನಿಗೆ ಕನ್ನಡ ಬರಾಕಿಲ್ಲ ಅಂದ್ಕಂಡೆ.”